ಅಪರಿಚಿತನ ಸಲಹೆಯನ್ನು ತೂಗುವ ಬಗೆ

ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಇತಿಹಾಸಕಾರನಾದ ಹೆರೊಡೋಟಸನು ಬ್ಯಾಬಿಲನ್ ನಗರದ ಒಂದು ವಿಚಿತ್ರ ಪದ್ಧತಿಯನ್ನು ವರ್ಣಿಸಿದ್ದಾನೆ. ಅಲ್ಲಿ ಕಾಯಿಲೆಯವರನ್ನು ಮನೆಯೊಳಗೆ ಮಲಗಿಸಿಡದೆ ಪೇಟೆಯ ಬಯಲಿಗೆ ಹೊತ್ತು ತರುತ್ತಿದ್ದರಂತೆ. ದಾರಿಹೋಕರು ರೋಗಿಯ ಬಳಿಗೆ ಬಂದು ಬೇನೆ ಏನೆಂದು ವಿಚಾರಿಸಬೇಕು. ಅದೇ ಬೇನೆಯನ್ನು ತಾವು ಅನುಭವಿಸಿದ್ದರೆ, ಅಥವಾ ಮತ್ತೊಬ್ಬರು ಅನುಭವಿಸಿದ್ದನ್ನು ಕಂಡಿದ್ದರೆ, ಅದು ಯಾವುದರಿಂದ ಗುಣವಾಯಿತೆಂದು ತಿಳಿಸಬೇಕು. ಏನನ್ನೂ ಕೇಳದೆ ಮೌನವಾಗಿ ಮುಂದೆ ಸಾಗುವುದಕ್ಕೆ ಯಾರಿಗೂ ಅವಕಾಶವಿರಲಿಲ್ಲವಂತೆ.

ಬ್ಯಾಬಿಲನ್ನಿನಲ್ಲಿ ವೈದ್ಯರೇ ಇರಲಿಲ್ಲವಾದುದರಿಂದ ಈ ಪದ್ಧತಿ ಬಂದಿತೆಂದು ಹೆರೊಡೋಟಸನು ಹೇಳುತ್ತಾನೆ. ಈ ಮಾತು ನಿಜವಲ್ಲ. ಆ ನಾಡಿನಲ್ಲಿ ದೊರೆತಿರುವ ಜೇಡಿಮಣ್ಣಿನ ಫಲಕಗಳಲ್ಲಿ ವೈದ್ಯರ ವಿಷಯವು ವಿಪುಲವಾಗಿದೆ. ಅವನಿಗಿಂತ ಸಾವಿರ ವರ್ಷಗಳಿಗೂ ಹಿಂದಿನ ಹಮ್ಮುರಾಬಿ ದೊರೆಯ ಶಾಸನದಲ್ಲಿ ವೈದ್ಯರಿಗೆ ಸಲ್ಲಬೇಕಾದ ಸಂಭಾವನೆಯನ್ನು ಕೂಡ ಗೊತ್ತುಪಡಿಸಿದೆ. ಆದರೂ ಆ ವರ್ಣನೆಯಲ್ಲಿ ಮನುಷ್ಯಸ್ವಭಾವದ ಒಂದು ಸತ್ಯವಿದೆ. ನಾವೆಲ್ಲರೂ ಇಂದಿಗೂ ಅದನ್ನೇ ಮಾಡುತ್ತಿದ್ದೇವೆ. ರೈಲಿನಲ್ಲಿ ಎದುರಿಗೆ ಕುಳಿತವರೊಡನೆ ಮಂಡಿನೋವಿನ ಮಾತನ್ನೆತ್ತುತ್ತೇವೆ. ಸಸಿಗಳನ್ನು ಕೊಳ್ಳಲು ಹೋದಲ್ಲಿ ಪಕ್ಕದ ಗಿರಾಕಿಯನ್ನು ಗುಲಾಬಿಗೆ ಬಂದ ರೋಗದ ಬಗ್ಗೆ ಕೇಳುತ್ತೇವೆ. ಹೊಲಿಗೆಯ ಯಂತ್ರದಲ್ಲಿ ದಾರ ಪದೇ ಪದೇ ಕಡಿಯುವುದೇಕೆ, ಚಳಿಗಾಲದಲ್ಲಿ ದೋಸೆಯ ಹಿಟ್ಟು ಹುದುಗದಿರುವುದೇಕೆ ಎಂದು ಹೆಸರನ್ನೂ ಅರಿಯದವರನ್ನು ವಿಚಾರಿಸುತ್ತೇವೆ.

ಇಂತಹ ಸಲಹೆಗೆ ಎಷ್ಟು ಬೆಲೆಯನ್ನು ಕೊಡಬೇಕು? ಎಲ್ಲವನ್ನೂ ನಂಬುವವರುಂಟು, ಯಾವುದನ್ನೂ ನಂಬದವರೂ ಉಂಟು. ಇವೆರಡೂ ಸರಿಯಾದ ದಾರಿಯಲ್ಲ. ಸಲಹೆಯನ್ನು ಕೇಳುವುದಕ್ಕೂ ತೂಗುವುದಕ್ಕೂ ಒಂದು ಕ್ರಮವುಂಟು. ಅದನ್ನು ನಾವು ಇಲ್ಲಿ ವಿಚಾರಮಾಡೋಣ.

ನಂಟರಿರಲು ಅಪರಿಚಿತನೇಕೆ?

ನಮ್ಮ ಹಿತವನ್ನು ಬಯಸುವ ನಂಟರೂ ಸ್ನೇಹಿತರೂ ಇರುವಾಗ ಗುರುತಿಲ್ಲದವನ ಬಳಿಗೆ ಹೋಗುವುದೇಕೆ ಎಂಬುದು ಮೊದಲನೆಯ ಪ್ರಶ್ನೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಇದಕ್ಕೆ ಸೊಗಸಾದ ಉತ್ತರವಿದೆ. ಬಾಸ್ಟನ್ ನಗರದ ಬಳಿಯ ಒಂದು ಊರಿನಲ್ಲಿ, ಯಾರದೋ ಮೂಲಕ ಸುದ್ದಿ ತಿಳಿದು ಹೊಸ ಉದ್ಯೋಗವನ್ನು ಪಡೆದವರನ್ನು ಅವರು ವಿಚಾರಿಸಿದರು. ಸುದ್ದಿ ತಿಳಿಸಿದಾತನನ್ನು ಆ ದಿನಗಳಲ್ಲಿ ಎಷ್ಟು ಸಲ ಕಾಣುತ್ತಿದ್ದಿರಿ ಎಂಬುದು ಪ್ರಶ್ನೆ. ಆಗಾಗ್ಗೆ ಕಾಣುತ್ತಿದ್ದೆವು ಎಂದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಎಂದೋ ಒಮ್ಮೊಮ್ಮೆ ಎಂದವರು ಸುಮಾರು 55 ಮಂದಿ. ಬಹಳ ಅಪರೂಪವಾಗಿ ಎಂದವರು ಸುಮಾರು 28 ಮಂದಿ. ಅಂದರೆ ಪ್ರಯೋಜನಕ್ಕೆ ಬಂದ ಸುದ್ದಿಯು ಬಹುಮಟ್ಟಿಗೆ ಆಪ್ತರಿಂದ ಬಂದುದಲ್ಲ, ಅಷ್ಟಾಗಿ ಪರಿಚಯವಿಲ್ಲದವರಿಂದ ಬಂದುದು.

ಇದಕ್ಕೆ ಕಾರಣವು ಸರಳವಾದುದು. ನಮ್ಮ ಆಪ್ತರು ನಾವಿರುವಲ್ಲಿಯೇ ಇರುವರು; ನಾವು ಕೇಳಿದ ಸುದ್ದಿಯನ್ನೇ ಕೇಳುವರು. ಆದುದರಿಂದ ನಾವು ಅರಿಯದುದನ್ನು ಅವರೂ ಅರಿಯದಿರುವ ಸಂಭವವೇ ಹೆಚ್ಚು. ದೂರದವನ ಲೋಕವು ಬೇರೆ. ಆತನ ಪ್ರೀತಿ ನಮ್ಮ ಮೇಲೆ ಕಡಿಮೆಯಿರಬಹುದು, ಆದರೆ ಆತನ ತಿಳಿವು ನಮ್ಮದಕ್ಕಿಂತ ಭಿನ್ನವಾಗಿರುತ್ತದೆ. ಸಲಹೆ ಕೇಳುವವನಿಗೆ ಬೇಕಾದುದು ಈ ಭಿನ್ನತೆಯೇ.

ಮಹಾವಿಜ್ಞಾನಿಗಳೂ ಈ ಗುಟ್ಟನ್ನು ಬಲ್ಲವರಾಗಿದ್ದರು. ಚಾರ್ಲ್ಸ್ ಡಾರ್ವಿನನ ಮನೆ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಸೀಮೆಸುಣ್ಣದ ಬಂಡೆಯ ನೆಲದ ಮೇಲಿತ್ತು. ಅಲ್ಲಿ ನೀರು ಬಹಳ ಆಳದಲ್ಲಿ ದೊರೆಯುವುದು. ಆತನ ಬಾವಿಯು 300 ಅಡಿಗಿಂತಲೂ ಆಳವಾಗಿತ್ತು. ಅಷ್ಟು ಆಳದಿಂದ ನೀರನ್ನು ಸೇದಲು ಎಂತಹ ಹಗ್ಗವು ತಕ್ಕದ್ದೆಂದು ಆತನು 1852ರ ಜನವರಿಯಲ್ಲಿ ತೋಟಗಾರರ ವಾರಪತ್ರಿಕೆಯೊಂದರ ಮೂಲಕ ಓದುಗರನ್ನು ಕೇಳಿದನು. ಭೂಮಂಡಲವನ್ನು ಸುತ್ತಿಬಂದು ಹೆಸರಾಗಿದ್ದ ಪಂಡಿತನು ಬಾವಿಯ ಹಗ್ಗಕ್ಕಾಗಿ ಗುರುತಿಲ್ಲದ ಮಾಲಿಗಳ ಸಲಹೆಯನ್ನು ಬೇಡುವುದಕ್ಕೆ ಸಂಕೋಚಪಡಲಿಲ್ಲ. ಕೆಲವು ವರ್ಷಗಳ ಬಳಿಕ ಆತನು ಪಾರಿವಾಳಗಳನ್ನು ಸಾಕತೊಡಗಿದನು. ಲಂಡನ್ನಿನಲ್ಲಿದ್ದ ಎರಡು ಪಾರಿವಾಳ ಸಂಘಗಳನ್ನು ಸೇರಿದನು. ಅಲ್ಲಿದ್ದವರು ಹವ್ಯಾಸಕ್ಕಾಗಿ ಹಕ್ಕಿ ಸಾಕುವವರು, ವಿದ್ವಾಂಸರಲ್ಲ. ಆದರೆ ಯಾವ ಹಕ್ಕಿಯನ್ನು ಯಾವುದರೊಡನೆ ಕೂಡಿಸಿದರೆ ಎಂತಹ ಮರಿ ಹುಟ್ಟುವುದೆಂಬುದನ್ನು ಅವರಷ್ಟು ಬಲ್ಲ ವಿದ್ವಾಂಸರು ಇರಲಿಲ್ಲ. ಅವರಿಂದ ಕಲಿತ ಸಂಗತಿಗಳು 1859ರಲ್ಲಿ ಪ್ರಕಟವಾದ ‘ಜೀವಜಾತಿಗಳ ಉಗಮ’ದ ಮೊದಲನೆಯ ಅಧ್ಯಾಯದಲ್ಲಿಯೇ ಬಂದಿವೆ.

ನಮ್ಮ ನಾಡಿನಲ್ಲಿಯೂ ಇದಕ್ಕೆ ನಿದರ್ಶನವುಂಟು. ಪುತ್ತೂರಿನಲ್ಲಿ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯು ಕೃಷಿಕರ ಅನುಭವಗಳನ್ನು ಕೃಷಿಕರ ಲೇಖನಿಯಿಂದಲೇ ಬರೆಯಿಸಿ, ಒಂದೂರಿನ ತೋಟದವನು ಕಂಡುಕೊಂಡುದನ್ನು ಆತನ ಮುಖವನ್ನೇ ನೋಡದ ಮತ್ತೊಂದೂರಿನವನಿಗೆ ತಲುಪಿಸಿತು.

ಪ್ರಶ್ನೆಯಲ್ಲಿಯೇ ಅರ್ಧ ಉತ್ತರ

ಅಪರಿಚಿತನಿಂದ ಪ್ರಯೋಜನವುಂಟೆಂದಾಯಿತು. ಆದರೆ ಆತನು ನಮ್ಮ ಮನೆಯನ್ನಾಗಲಿ ಗಿಡವನ್ನಾಗಲಿ ನೋಡಿದವನಲ್ಲ. ನಮ್ಮ ಮಾತೇ ಆತನಿಗೆ ಕಣ್ಣು. ಆದುದರಿಂದ ಉತ್ತರದ ಗುಣವು ಬಹುಮಟ್ಟಿಗೆ ಪ್ರಶ್ನೆಯ ಗುಣವನ್ನು ಅವಲಂಬಿಸಿರುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಕುಂಡದಲ್ಲಿ ಬೆಳೆಸಿದ ನಿಂಬೆಯ ಗಿಡದ ಎಲೆಗಳು ಹಳದಿಯಾಗುತ್ತಿವೆ, ಏನು ಮಾಡಬೇಕು ಎಂದು ನಾಲ್ವರನ್ನು ಕೇಳಿದರೆ ನಾಲ್ಕು ಉತ್ತರಗಳು ಬರುವುದು ಸಹಜ. ಒಬ್ಬರು ನೀರು ಸಾಲದೆನ್ನುವರು. ಮತ್ತೊಬ್ಬರು ನೀರು ಹೆಚ್ಚಾಯಿತೆನ್ನುವರು. ಮೂರನೆಯವರು ಗೊಬ್ಬರ ಹಾಕಬೇಕೆನ್ನುವರು. ನಾಲ್ಕನೆಯವರು ಕಬ್ಬಿಣದ ಅಂಶ ಕಡಿಮೆಯಾಗಿದೆಯೆನ್ನುವರು. ಇವರಲ್ಲಿ ಸುಳ್ಳು ಹೇಳುವವರು ಯಾರೂ ಇಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಗಿಡಕ್ಕೆ ಆದುದನ್ನು ಹೇಳುತ್ತಿದ್ದಾರೆ.

ಈಗ ಪ್ರಶ್ನೆಗೆ ಒಂದೇ ಒಂದು ಸಂಗತಿಯನ್ನು ಸೇರಿಸೋಣ: ಹಳದಿಯಾಗುತ್ತಿರುವುದು ಕೆಳಗಿನ ಹಳೆಯ ಎಲೆಗಳೋ, ತುದಿಯ ಎಳೆಯ ಎಲೆಗಳೋ? ಸಾರಜನಕದ ಕೊರತೆಯುಂಟಾದಾಗ ಗಿಡವು ಹಳೆಯ ಎಲೆಗಳಲ್ಲಿರುವ ಸಾರಜನಕವನ್ನು ಹಿಂತೆಗೆದು ಚಿಗುರಿಗೆ ಕಳುಹಿಸಿಕೊಡುತ್ತದೆ. ಆದುದರಿಂದ ಮೊದಲು ಹಳೆಯ ಎಲೆಗಳು ಹಳದಿಯಾಗುತ್ತವೆ. ಕಬ್ಬಿಣವಾದರೋ ಹಾಗೆ ಒಂದೆಡೆಯಿಂದ ಮತ್ತೊಂದೆಡೆಗೆ ಸುಲಭವಾಗಿ ಸಾಗುವುದಿಲ್ಲ. ಅದರ ಕೊರತೆಯು ಎಳೆಯ ಎಲೆಗಳಲ್ಲಿ ಮೊದಲು ಕಾಣುತ್ತದೆ. ಎಲೆಯ ನರಗಳು ಹಸುರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾಗುತ್ತದೆ. ಸುಣ್ಣದ ಅಂಶ ಹೆಚ್ಚಾಗಿರುವ ಗಡಸು ನೀರನ್ನು ಬಹುಕಾಲ ಎರೆದಲ್ಲಿ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ನೀರಿನಲ್ಲಿ ಕರಗದ ರೂಪವನ್ನು ತಾಳುವುದರಿಂದ ಬೇರುಗಳಿಗೆ ದಕ್ಕುವುದಿಲ್ಲ. ಇನ್ನು ಕುಂಡದ ತಳದ ರಂಧ್ರವು ಮುಚ್ಚಿಹೋಗಿ ನೀರು ನಿಂತಿದ್ದರೆ, ಬೇರಿಗೆ ಆಮ್ಲಜನಕ ಸಿಕ್ಕದೆ, ಮಣ್ಣು ತೇವವಾಗಿದ್ದರೂ ಗಿಡವು ಬಾಡಿದಂತೆ ಜೋತುಬೀಳುತ್ತದೆ. ಎಲೆಯ ವಯಸ್ಸು, ನರದ ಬಣ್ಣ, ಬೆರಳನ್ನಿಟ್ಟರೆ ತಿಳಿಯುವ ಮಣ್ಣಿನ ತೇವ — ಈ ಮೂರನ್ನು ಹೇಳಿದರೆ ನಾಲ್ಕು ಉತ್ತರಗಳು ಒಂದಕ್ಕೋ ಎರಡಕ್ಕೋ ಇಳಿಯುತ್ತವೆ.

ಇದರಿಂದ ಒಳ್ಳೆಯ ಪ್ರಶ್ನೆಯ ಲಕ್ಷಣಗಳು ಗೊತ್ತಾಗುತ್ತವೆ. ಮೊದಲನೆಯದಾಗಿ, ಕಂಡುದನ್ನು ಹೇಳಬೇಕು, ಊಹಿಸಿದುದನ್ನಲ್ಲ. “ಈ ಗಿಡಕ್ಕೆ ಯಾವ ಗೊಬ್ಬರ ಹಾಕಲಿ?” ಎಂದು ಕೇಳಿದಾಗ ಕಾರಣವನ್ನು ನಾವೇ ತೀರ್ಮಾನಿಸಿಬಿಟ್ಟಿರುತ್ತೇವೆ. ಕೇಳಿದವರು ಗೊಬ್ಬರದ ಹೆಸರುಗಳನ್ನು ಹೇಳುವರೇ ಹೊರತು ನಿಂತ ನೀರಿನ ಮಾತನ್ನೆತ್ತುವುದಿಲ್ಲ. ಎರಡನೆಯದಾಗಿ, ಅಳತೆಯನ್ನು ಹೇಳಬೇಕು: ದಿನಕ್ಕೆ ಎಷ್ಟು ನೀರು, ಎಷ್ಟು ಹೊತ್ತು ಬಿಸಿಲು. ಮೂರನೆಯದಾಗಿ, ತೊಂದರೆ ಎಂದಿನಿಂದ ಆರಂಭವಾಯಿತು, ಅದಕ್ಕೆ ಸ್ವಲ್ಪ ಮೊದಲು ಏನು ಬದಲಾಯಿತು ಎಂಬುದನ್ನು ತಿಳಿಸಬೇಕು. ನಾಲ್ಕನೆಯದಾಗಿ, ಈವರೆಗೆ ಏನೇನು ಮಾಡಿ ನೋಡಲಾಯಿತೆಂಬುದನ್ನು ಮುಚ್ಚಿಡಬಾರದು. ಹೊಲಿಗೆಯ ಯಂತ್ರಕ್ಕೂ ದೋಸೆಯ ಹಿಟ್ಟಿಗೂ ಈ ನಾಲ್ಕು ಮಾತುಗಳು ಸಮಾನವಾಗಿ ಅನ್ವಯಿಸುತ್ತವೆ. ಹೀಗೆ ಪ್ರಶ್ನೆಯನ್ನು ಅಣಿಗೊಳಿಸುವಾಗಲೇ ಎಷ್ಟೋ ವೇಳೆ ಉತ್ತರವು ತಾನಾಗಿ ಹೊಳೆದುಬಿಡುವುದುಂಟು.

ಹತ್ತು ಮಂದಿಯ ಮಾತು

ಒಬ್ಬನ ಮಾತಿಗಿಂತ ಹತ್ತು ಮಂದಿಯ ಮಾತು ಮೇಲೆಂಬ ನಂಬಿಕೆ ಎಲ್ಲೆಡೆಯೂ ಇದೆ. ಇದು ಎಷ್ಟರಮಟ್ಟಿಗೆ ನಿಜ? ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಇದನ್ನು ಒಂದು ಜಾನುವಾರು ಪ್ರದರ್ಶನದ ಸ್ಪರ್ಧೆಯಿಂದ ಪರೀಕ್ಷಿಸಿದನು. 1906ರಲ್ಲಿ ಪ್ಲಿಮತ್ ಎಂಬಲ್ಲಿ ಒಂದು ಕೊಬ್ಬಿದ ಎತ್ತನ್ನು ತೋರಿಸಿ, ಕಡಿದು ಹಸನುಮಾಡಿದ ಬಳಿಕ ಅದು ಎಷ್ಟು ತೂಗುವುದೆಂದು ಊಹಿಸಿ ಚೀಟಿಯಲ್ಲಿ ಬರೆಯುವ ಪಂದ್ಯವನ್ನು ಏರ್ಪಡಿಸಿದ್ದರು. ಕಟುಕರೂ ರೈತರೂ ಮಾತ್ರವಲ್ಲದೆ ಏನೂ ಅರಿಯದವರೂ ಹಣ ತೆತ್ತು ಊಹಿಸಿದರು. ಓದಲು ಬರುವಂತಿದ್ದ 787 ಚೀಟಿಗಳನ್ನು ಗಾಲ್ಟನನು ಏರುವ ಕ್ರಮದಲ್ಲಿ ಜೋಡಿಸಿ ಸರಿಯಾಗಿ ನಡುವಿನ ಚೀಟಿಯನ್ನು ನೋಡಿದನು. ಅದರಲ್ಲಿದ್ದ ತೂಕ 1207 ಪೌಂಡು. ನಿಜವಾದ ತೂಕ 1198 ಪೌಂಡು. ವ್ಯತ್ಯಾಸವು ನೂರಕ್ಕೆ ಒಂದರಷ್ಟೂ ಇರಲಿಲ್ಲ!

ಇದರಲ್ಲಿ ಮಾಯೆಯೇನೂ ಇಲ್ಲ. ಕೆಲವರು ಹೆಚ್ಚಾಗಿ ಊಹಿಸಿದರೆ ಮತ್ತೆ ಕೆಲವರು ಕಡಿಮೆಯಾಗಿ ಊಹಿಸುವರು. ತಪ್ಪುಗಳು ಒಂದನ್ನೊಂದು ಕಳೆದುಕೊಂಡು ನಿಜಕ್ಕೆ ಸಮೀಪವಾದುದು ಉಳಿಯುವುದು. ಆದರೆ ಇದಕ್ಕೆ ಒಂದು ನಿಬಂಧನೆಯುಂಟು. ಪ್ರತಿಯೊಬ್ಬನೂ ಬೇರೆಯವರ ಊಹೆಯನ್ನರಿಯದೆ ತನ್ನದನ್ನು ಹೇಳಿರಬೇಕು. ಸ್ವಿಟ್ಜರ್ಲೆಂಡಿನ ಜೂರಿಚ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 144 ವಿದ್ಯಾರ್ಥಿಗಳಿಗೆ ಅಂಕೆಸಂಖ್ಯೆಯ ಪ್ರಶ್ನೆಗಳನ್ನು ಹಾಕಿ, ಕೆಲವು ಸಲ ಇತರರ ಉತ್ತರಗಳನ್ನು ತೋರಿಸಿ ಮತ್ತೆ ಊಹಿಸಲು ಹೇಳಿದರು. ಇತರರ ಉತ್ತರಗಳನ್ನು ಕಂಡಾಗ ಊಹೆಗಳು ಒಂದಕ್ಕೊಂದು ಹತ್ತಿರವಾದುವು, ಆದರೆ ನಿಜಕ್ಕೆ ಹತ್ತಿರವಾಗಲಿಲ್ಲ. ತಪ್ಪು ಹಾಗೆಯೇ ಉಳಿದು, ಒಮ್ಮತದ ಧೈರ್ಯ ಮಾತ್ರ ಹೆಚ್ಚಿತು.

ಆದುದರಿಂದ ಹಲವರನ್ನು ಕೇಳುವುದಾದರೆ ಬೇರೆ ಬೇರೆಯಾಗಿ ಕೇಳಬೇಕು. “ಇಂಥವರು ಹೀಗೆಂದರು, ನೀವೇನನ್ನುವಿರಿ?” ಎಂದು ಕೇಳಿದರೆ ಎರಡನೆಯ ಉತ್ತರವು ಮೊದಲನೆಯದರ ನೆರಳಾಗುವುದು. ಗುಂಪಿನ ನಡುವೆ ಒಬ್ಬ ಹಿರಿಯರು ಮೊದಲು ಮಾತನಾಡಿ, ಉಳಿದ ಒಂಬತ್ತು ಮಂದಿ ತಲೆಯಾಡಿಸಿದರೆ, ನಮಗೆ ದೊರೆತುದು ಹತ್ತು ಸಲಹೆಗಳಲ್ಲ, ಒಂದೇ ಸಲಹೆ.

ಮತ್ತೊಂದು ಎಚ್ಚರಿಕೆಯೂ ಬೇಕು. ತೂಕ, ದೂರ, ಬೆಲೆ, ಕಾಲ ಮುಂತಾದ ಪ್ರಮಾಣಗಳಿಗೆ ನಡುವಿನ ಮಾತು ಒಪ್ಪುತ್ತದೆ, ಕಾರಣಗಳಿಗೆ ಒಪ್ಪುವುದಿಲ್ಲ. ನೀರನ್ನು ಹೆಚ್ಚಿಸು ಎಂದು ಐವರೂ ಕಡಿಮೆಮಾಡು ಎಂದು ಐವರೂ ಹೇಳಿದಾಗ, ಇದ್ದಷ್ಟೇ ಇರಲಿ ಎಂಬುದು ಸತ್ಯವಾಗಬೇಕಿಲ್ಲ. ಅಂತಹ ಸಂದರ್ಭದಲ್ಲಿ ತಲೆಗಳನ್ನು ಎಣಿಸದೆ, “ಯಾವ ಗುರುತಿನಿಂದ ಹೀಗೆನ್ನುವಿರಿ?” ಎಂದು ಪ್ರತಿಯೊಬ್ಬರನ್ನೂ ಕೇಳಬೇಕು. ಗುರುತನ್ನು ಹೇಳಬಲ್ಲವನ ಮಾತಿಗೆ ಹೆಚ್ಚು ತೂಕ.

ಹಿಂದಿರುಗಿ ಬಾರದ ಸಾಕ್ಷಿಗಳು

ಇನ್ನು ಎಲ್ಲಕ್ಕಿಂತ ದೊಡ್ಡ ಅಪಾಯವನ್ನು ನೋಡೋಣ. ಬ್ಯಾಬಿಲನ್ನಿನ ಪೇಟೆಯಲ್ಲಿ ಸಲಹೆ ಕೊಡುತ್ತಿದ್ದವರು ಯಾರು? ಆ ಬೇನೆಯಿಂದ ಉಳಿದುಕೊಂಡವರು, ಅಥವಾ ಉಳಿದುಕೊಂಡವರನ್ನು ಕಂಡವರು. ಅದೇ ಮದ್ದನ್ನು ಕುಡಿದು ಸತ್ತವನು ಪೇಟೆಗೆ ಬಂದು, ತಾನು ಸತ್ತೆನೆಂದು ಹೇಳುವಂತಿಲ್ಲ. ಸಾಕ್ಷಿಗಳಲ್ಲಿ ಒಂದು ಪಕ್ಷದವರು ಮಾತ್ರ ನ್ಯಾಯಸ್ಥಾನಕ್ಕೆ ಬರುತ್ತಿದ್ದರು.

ನಮ್ಮಲ್ಲಿ ಹಾವಿನ ಕಡಿತಕ್ಕೆ ಊರೂರಿನಲ್ಲಿ ನಡೆದು ಬಂದಿರುವ ಬೇರು, ಸೊಪ್ಪು, ಕಲ್ಲುಗಳ ಕೀರ್ತಿಗೆ ಇದೇ ಮೂಲ. ಹಾವುಗಳಲ್ಲಿ ಬಹುಪಾಲು ವಿಷರಹಿತವಾದುವು. ವಿಷದ ಹಾವು ಕಚ್ಚಿದಾಗಲೂ ಕೆಲವು ವೇಳೆ ವಿಷವು ದೇಹವನ್ನು ಸೇರುವುದಿಲ್ಲ. ಹತ್ತು ಮಂದಿಗೆ ಹಾವು ಕಚ್ಚಿತೆಂದೂ, ಅವರಲ್ಲಿ ಏಳು ಮಂದಿಗೆ ವಿಷವೇರಲೇ ಇಲ್ಲವೆಂದೂ ಇಟ್ಟುಕೊಳ್ಳೋಣ. ಹತ್ತು ಮಂದಿಗೂ ಯಾವುದಾದರೊಂದು ಎಲೆಯನ್ನು ಅರೆದು ಕೊಟ್ಟರೆ, ಏನೂ ಗುಣವಿಲ್ಲದ ಆ ಎಲೆಗೂ ಏಳು ಮಂದಿ ಜೀವಂತ ಸಾಕ್ಷಿಗಳು ದೊರೆಯುತ್ತಾರೆ! ಅವರು ಪ್ರಾಮಾಣಿಕರು, ಹೊಟ್ಟೆತುಂಬ ನಂಬಿ ಹೇಳುವರು. ಉಳಿದ ಮೂವರ ಮಾತು ಯಾರಿಗೂ ಕೇಳಿಸದು.

ಇದು ಬರಿಯ ತರ್ಕದ ಮಾತಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 58,000 ಮಂದಿ ಹಾವಿನ ಕಡಿತದಿಂದ ಮೃತರಾದರೆಂದು ಸಂಶೋಧಕರು ಅಂದಾಜುಮಾಡಿದ್ದಾರೆ. ಏರಿದ ವಿಷವನ್ನು ತಡೆಯುವ ಮದ್ದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವೊಂದೇ. ಅದು ಬೇಗ ದೊರೆತಷ್ಟೂ ಒಳ್ಳೆಯದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ಗಾಯವನ್ನು ಕೊಯ್ಯದೆ, ರೋಗಿಯನ್ನು ಕೂಡಲೆ ಆಸ್ಪತ್ರೆಗೆ ಸಾಗಿಸಬೇಕು. ದಾರಿಯಲ್ಲಿ ನಿಂತು ಸಲಹೆ ಕೇಳುವ ಪ್ರತಿಯೊಂದು ಗಳಿಗೆಯೂ ಆತನ ಆಯುಷ್ಯದಿಂದ ಕಳೆದ ಗಳಿಗೆ.

ಇದರಿಂದ ಒಂದು ನಿಯಮವನ್ನು ಕಟ್ಟಬಹುದು. ಸಲಹೆಯು ತಪ್ಪಾದರೆ ಕೆಡುವುದೇನು, ಕೆಟ್ಟುದನ್ನು ಮತ್ತೆ ಸರಿಪಡಿಸಬಹುದೇ ಎಂದು ಮೊದಲು ಕೇಳಿಕೊಳ್ಳಬೇಕು. ಒಂದು ಪಾತ್ರೆಯ ಹಿಟ್ಟು, ಒಂದು ಕುಂಡದ ಗಿಡ, ಒಂದು ಗಜ ಬಟ್ಟೆ ಕೆಟ್ಟರೆ ನಷ್ಟ ಅಲ್ಪ. ಅಂತಹವುಗಳಲ್ಲಿ ಧಾರಾಳವಾಗಿ ಅಪರಿಚಿತರನ್ನು ಕೇಳೋಣ. ಕಾಡಿನ ಅಣಬೆಯನ್ನು ತಿನ್ನಬಹುದೇ, ಮಗುವಿಗೆ ಯಾವ ಮಾತ್ರೆ ಕೊಡಬೇಕು, ವಿದ್ಯುತ್ತಿನ ತಂತಿಯನ್ನು ಹೇಗೆ ಜೋಡಿಸಬೇಕು ಎಂಬಂತಹವುಗಳಲ್ಲಿ ತಪ್ಪಿದರೆ ಹಿಂದಿರುಗುವ ದಾರಿಯಿಲ್ಲ. ಅಲ್ಲಿ ಆ ವಿದ್ಯೆಯನ್ನು ಕಲಿತು, ಅದರ ಹೊಣೆಯನ್ನು ಹೊತ್ತವರ ಬಳಿಗೇ ಹೋಗಬೇಕು.

ಒರೆಗಲ್ಲು

ಹಾಗಾದರೆ ಜನರ ಮಾತಿನಲ್ಲಿರುವ ಚಿನ್ನವನ್ನು ಮಣ್ಣಿನಿಂದ ಬೇರ್ಪಡಿಸುವ ಬಗೆ ಯಾವುದು? ಅದಕ್ಕೆ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯನ ನಡತೆಯು ಮಾದರಿಯಾಗಿದೆ. ದೇಹದಲ್ಲಿ ನೀರು ತುಂಬಿ ಊದಿಕೊಳ್ಳುವ ಜಲೋದರಕ್ಕೆ ಷ್ರಾಪ್‌ಷೈರ್ ಪ್ರಾಂತದ ಮುದುಕಿಯೊಬ್ಬಳು ಗುಟ್ಟಾಗಿಟ್ಟುಕೊಂಡಿದ್ದ ಮನೆಮದ್ದಿನ ಬಗ್ಗೆ 1775ರಲ್ಲಿ ಆತನ ಅಭಿಪ್ರಾಯವನ್ನು ಕೇಳಿದರು. ಅದರಲ್ಲಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಮೂಲಿಕೆಗಳಿದ್ದುವು. ವಿದರಿಂಗನು ನಗಲೂ ಇಲ್ಲ, ಹಾಗೆಯೇ ನಂಬಲೂ ಇಲ್ಲ. ಗುಣವಿರುವುದು ಡಿಜಿಟಾಲಿಸ್ ಎಂಬ ಒಂದೇ ಗಿಡದಲ್ಲಿರಬೇಕೆಂದು ತರ್ಕಿಸಿ, ಹತ್ತು ವರ್ಷಗಳ ಕಾಲ ಅದನ್ನು ಪರೀಕ್ಷಿಸಿದನು. ಆ ಗಿಡವು ವಿಷಯುಕ್ತವಾದುದು. ಪ್ರಮಾಣವು ತುಸು ಮೀರಿದರೂ ಪ್ರಾಣಕ್ಕೆ ಅಪಾಯ. ಆದುದರಿಂದ ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಆತನು ಎಚ್ಚರದಿಂದ ಗೊತ್ತುಮಾಡಿದನು. 1785ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನೂರೈವತ್ತಕ್ಕೂ ಹೆಚ್ಚು ರೋಗಿಗಳ ವೃತ್ತಾಂತವನ್ನು ಕೊಟ್ಟನು. ಗುಣವಾದವರನ್ನು ಮಾತ್ರ ಆರಿಸಿಕೊಳ್ಳದೆ, ಗುಣವಾಗದವರನ್ನೂ ಸತ್ತವರನ್ನೂ ಸೇರಿಸಿ ಬರೆದುದೇ ಆ ಗ್ರಂಥದ ಹಿರಿಮೆ. ಪೇಟೆಗೆ ಬಾರದ ಸಾಕ್ಷಿಗಳನ್ನು ಆತನು ಕರೆತಂದನು. ಅದೇ ಕುಲದ ಗಿಡಗಳಿಂದ ತೆಗೆದ ಡಿಗಾಕ್ಸಿನ್ ಎಂಬ ಔಷಧವನ್ನು ಇಂದಿಗೂ ಕೆಲವು ಹೃದಯರೋಗಗಳಲ್ಲಿ ಬಳಸುತ್ತಾರೆ.

ಮನೆಯಲ್ಲಿ ನಾವು ಇದನ್ನೇ ಸಣ್ಣ ಪ್ರಮಾಣದಲ್ಲಿ ಮಾಡಬಹುದು. ಒಂದೇ ಬಗೆಯ ತೊಂದರೆಯಿರುವ ಎರಡು ಕುಂಡಗಳಿದ್ದರೆ ಒಂದಕ್ಕೆ ಮಾತ್ರ ಸಲಹೆಯಂತೆ ನಡೆದು, ಮತ್ತೊಂದನ್ನು ಇದ್ದಂತೆಯೇ ಬಿಡಬೇಕು. ಏಕೆಂದರೆ ಎಷ್ಟೋ ತೊಂದರೆಗಳು ತಾವಾಗಿಯೇ ಕಳೆಯುತ್ತವೆ; ಹಾಗೆ ಕಳೆದಾಗ ಕೀರ್ತಿಯು ಆಗ ಹಾಕಿದ ಮದ್ದಿಗೆ ಸಲ್ಲುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ನೀರನ್ನೂ ಗೊಬ್ಬರವನ್ನೂ ಸ್ಥಳವನ್ನೂ ಒಟ್ಟಿಗೆ ಬದಲಾಯಿಸಿದರೆ, ಗಿಡ ಚಿಗುರಿದರೂ ಯಾವುದರಿಂದ ಚಿಗುರಿತೆಂಬುದು ತಿಳಿಯದು. ದಿನಾಂಕದೊಡನೆ ಎರಡು ಸಾಲು ಬರೆದಿಡಬೇಕು. ನೆನಪು ನಮಗೆ ಬೇಕಾದಂತೆ ಬಾಗುವ ಗುಣವುಳ್ಳದ್ದು.

ಕೇಳಿದವನ ಋಣ

ಸಲಹೆ ಕೇಳಿದರೆ ದಡ್ಡರೆನಿಸಿಕೊಳ್ಳುವೆವೆಂಬ ಅಳುಕು ಹಲವರಿಗುಂಟು. ಈ ವಿಷಯವನ್ನು ಪರೀಕ್ಷಿಸಿ ಅಮೆರಿಕದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದಕ್ಕೆ ವಿರುದ್ಧವಾದುದೇ ಕಂಡುಬಂದಿತು. ಕಷ್ಟವಾದ ಕೆಲಸದಲ್ಲಿ ಸಲಹೆ ಕೇಳಿದವನನ್ನು, ಕೇಳದವನಿಗಿಂತ ಹೆಚ್ಚು ಸಮರ್ಥನೆಂದು ಜನರು ಎಣಿಸಿದರು. ಆದುದರಿಂದ ಸಂಕೋಚಕ್ಕೆ ಕಾರಣವಿಲ್ಲ.

ಆದರೆ ಕೇಳಿದವನ ಮೇಲೆ ಒಂದು ಋಣವಿರುತ್ತದೆ. ಸಾಮಾನ್ಯವಾಗಿ ನಾವು ಸಲಹೆಯನ್ನು ಪಡೆದು ಹೊರಟುಹೋಗುತ್ತೇವೆ. ಅದು ಫಲಿಸಿತೇ ಇಲ್ಲವೇ ಎಂಬುದು ಹೇಳಿದವನಿಗೆ ತಿಳಿಯುವುದೇ ಇಲ್ಲ. ತಪ್ಪು ಸಲಹೆಯನ್ನು ಕೊಟ್ಟವನು ಅದನ್ನೇ ನಾಳೆ ಮತ್ತೊಬ್ಬನಿಗೂ ಕೊಡುವನು. ಮತ್ತೊಮ್ಮೆ ಭೇಟಿಯಾದಾಗಲೋ, ಒಂದು ಕಾಗದದ ಮೂಲಕವೋ, “ನೀವು ಹೇಳಿದಂತೆ ಮಾಡಿದೆವು, ಹೀಗಾಯಿತು” ಎಂದು ತಿಳಿಸಿದರೆ ಆತನ ತಿಳಿವೂ ತಿದ್ದಿಕೊಳ್ಳುತ್ತದೆ. ಫಲಿಸದಿದ್ದುದನ್ನು ತಿಳಿಸುವುದು ಇನ್ನೂ ಮುಖ್ಯ. ನಿಂಬೆಯ ಗಿಡವು ಬದುಕಿದರೆ ಅದರ ಹಣ್ಣು ನಮ್ಮದು. ಒಣಗಿಹೋದರೆ ಅದರಿಂದ ಕಲಿತ ಪಾಠವಾದರೂ ಮುಂದೆ ಅದನ್ನೇ ಕೇಳಲು ಬರುವವನಿಗೆ ದಕ್ಕಲಿ.